ವಿಧಾನಸೌಧದ ಒಳಗೂ ಮಕ್ಕಳನ್ನು ಕರೆದುಕೊಂಡು ಹೋಗೋಣ

ಮಾನ್ಯ ಸಂಪಾದಕರೇ,

ನಾನು ಮಂಡ್ಯದವಳು. 31 ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಿಯಾಗಿದ್ದೇನೆ. ರಾಜ್ಯ ಶಾಸಕಾಂಗದ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಲ್ಲ. ವಿಧಾನಸಭೆಗೆ 224 ಸ್ಥಾನ, ವಿಧಾನಪರಿಷತ್ತಿಗೆ 75, ಬರೆದುಕೊಳ್ಳಿ ಅಂತ ಹೇಳಿ ಬೋರ್ಡು ತುಂಬಿಸಿದ್ದೇನೆ. ಮಕ್ಕಳು ಬರೆದುಕೊಂಡು ಪರೀಕ್ಷೆಯಲ್ಲಿ ಹಾಗೇ ಬರೆದು ಮಾರ್ಕ್ಸೂ ತೆಗೆದುಕೊಂಡಿದ್ದಾರೆ. ಡಿಸೆಂಬರ್ ಬಂತು ಅಂದರೆ ಶಾಲೆಯ ಟೂರು. ಬೆಂಗಳೂರಿಗೆ ಹೋದ ವರ್ಷಗಳಲ್ಲಿ ಲಾಲ್‌ಬಾಗ್, ವಿಶ್ವೇಶ್ವರಯ್ಯ ಮ್ಯೂಸಿಯಂ ಎಲ್ಲಾ ಮುಗಿಸಿ, ಸಂಜೆ ಹೊತ್ತಿಗೆ ವಿಧಾನಸೌಧದ ಎದುರಿಗೆ ರಸ್ತೆಯ ಈಚೆ ಬದಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆವು. ಫೋಟೋ ತೆಗೆಸಿಕೊಂಡು, ತಲೆ ಎಣಿಸಿ, ಬಸ್ ಹತ್ತಿಸಿ ಹೊರಡುತ್ತಿದ್ದೆವು. ಅಷ್ಟು ವರ್ಷಗಳಲ್ಲಿ ಒಂದು ಸಲವೂ, ಒಳಗೆ ಹೋಗಬಹುದಾ ಅಂತ ಕೇಳಿ ನೋಡೋಣ ಅಂತ ನನಗಾಗಲಿ ಜೊತೆಗಿದ್ದ ಮೇಷ್ಟ್ರುಗಳಿಗಾಗಲಿ ಹೊಳೆಯಲಿಲ್ಲ. ಯಾರೂ ನಮ್ಮನ್ನು ತಡೆದಿರಲಿಲ್ಲ. ಅದು ದೊಡ್ಡವರು ಹೋಗುವ ಜಾಗ, ನಾವು ಹೊರಗಿಂದ ನೋಡೋದು ಅಂತ ನಾವೇ ಅಂದುಕೊಂಡಿದ್ದೆವು.

ಇದು ಈಗ ಯಾಕೆ ನೆನಪಾಯ್ತು ಅಂತ ಹೇಳುತ್ತೇನೆ.

2025ರ ಮೇ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಷಿಕಾಗೊ ಹತ್ತಿರ ಇರುವ ಮಗಳ ಮನೆಗೆ ಹೋಗಿದ್ದೆವು. ಅಳಿಯನಿಗೆ ಒಂದು ಹವ್ಯಾಸ ಇದೆ. ಅಮೆರಿಕದ 50 ರಾಜ್ಯಗಳಿಗೂ ಒಂದೊಂದು ಕ್ಯಾಪಿಟಲ್ ಕಟ್ಟಡ ಇರುತ್ತದೆ, ಅಂದರೆ ನಮ್ಮ ವಿಧಾನಸೌಧ ಇದ್ದ ಹಾಗೆ. ರಜೆ ಸಿಕ್ಕಾಗಲೆಲ್ಲ ಕಾರು ತೆಗೆದುಕೊಂಡು ಅವನ್ನು ಒಂದೊಂದಾಗಿ ನೋಡಿಕೊಂಡು ಬರೋದು ಅವನ ಅಭ್ಯಾಸ. ಅಲ್ಲಿ ಹೀಗೆ ಮಾಡುವವರು ಸುಮಾರು ಜನ ಇದ್ದಾರಂತೆ. ಅತ್ತೆ ಸಮಾಜ ವಿಜ್ಞಾನದ ಟೀಚರ್, ಇವರಿಗಲ್ಲದೆ ಇನ್ಯಾರಿಗೆ ತೋರಿಸಲಿ ಅಂತ ಒಂಬತ್ತು ದಿನದ ಪ್ರವಾಸ ಹಾಕಿದ. ಮ್ಯಾಡಿಸನ್, ಸೇಂಟ್ ಪಾಲ್, ಡಿ ಮೊಯಿನ್, ಲಿಂಕನ್, ಟೊಪೀಕಾ, ಜೆಫರ್‌ಸನ್ ಸಿಟಿ, ಸ್ಪ್ರಿಂಗ್‌ಫೀಲ್ಡ್, ಹೀಗೆ ಏಳು ರಾಜಧಾನಿ. ಹತ್ತಿರ ಹತ್ತಿರ 2,600 ಕಿಲೋಮೀಟರ್. ದಾರಿಯುದ್ದಕ್ಕೂ ಎರಡೂ ಕಡೆ ಆಗತಾನೇ ಬಿತ್ತಿದ ಮುಸುಕಿನ ಜೋಳದ ಹೊಲ. ನಮ್ಮ ಯಜಮಾನರು ಕಬ್ಬು ಬೆಳೆಯುವವರು, ಅವರಿಗೆ ಕಿಟಕಿಯಿಂದ ಕಣ್ಣು ಕೀಳೋಕೇ ಆಗಲಿಲ್ಲ.

ಮೊದಲು ಹೋಗಿದ್ದು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ. ಎರಡು ಕೆರೆಗಳ ಮಧ್ಯೆ ಇರುವ ಊರು. 1917ರಲ್ಲಿ ಮುಗಿದ ಕಟ್ಟಡ, ಗ್ರಾನೈಟ್ ಕಲ್ಲಿನ ಗುಮ್ಮಟ, 284 ಅಡಿ ಎತ್ತರ. ನಾವು ಹೋಗಿದ್ದು ಶನಿವಾರ. ಕ್ಯಾಪಿಟಲ್ ಸುತ್ತ ನಾಲ್ಕೂ ರಸ್ತೆಯಲ್ಲಿ ರೈತರ ಸಂತೆ! 1972ರಿಂದ ನಡೀತಾ ಇದೆಯಂತೆ. ಬೆಳೆದವರೇ ಬಂದು ಮಾರಬೇಕು, ಮಧ್ಯದವರಿಗೆ ಅವಕಾಶ ಇಲ್ಲ, ಇದು ಅಲ್ಲಿಯ ನಿಯಮ. ಸೊಪ್ಪು, ಚೀಸ್, ಜೇನು, ಹೂವಿನ ಸಸಿ, ಎಲ್ಲಾ ಇತ್ತು. ಸಂತೆಗೆ ಬಂದವರು ಕೈಯಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡೇ ಕ್ಯಾಪಿಟಲ್ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದರು. ಕೆಲವರು ಶೌಚಾಲಯಕ್ಕೆ, ಕೆಲವರು ತಂಪಾಗಿ ಕೂರೋಕೆ, ಕೆಲವರು ಸುಮ್ನೆ. ನಾವೂ ಅವರ ಹಿಂದೆಯೇ ಬಾಗಿಲು ತಳ್ಳಿಕೊಂಡು ಹೋದೆವು. ಯಾರು ನೀವು, ಯಾರ ಕಡೆಯವರು, ಯಾರನ್ನು ನೋಡಬೇಕು ಅಂತ ಒಬ್ಬರೂ ಕೇಳಲಿಲ್ಲ. ಬಾಗಿಲ ಹತ್ತಿರ ಒಂದು ಕ್ಷಣ ನನ್ನ ಕಾಲು ತಾನಾಗೇ ನಿಂತಿತು. ಮಗಳು, "ನಡಿಯಮ್ಮಾ, ಏನೂ ಆಗಲ್ಲ" ಅಂದಳು.

ಎಲ್ಲ ಕಡೆ ಹೀಗೇ ಅಂತಲ್ಲ. ಮುಂದೆ ಕೆಲವು ಊರುಗಳಲ್ಲಿ ಬ್ಯಾಗನ್ನು ಯಂತ್ರದೊಳಗೆ ಹಾಕಿಸಿದರು, ಜೇಬಿನಲ್ಲಿದ್ದದ್ದನ್ನು ತಟ್ಟೆಗೆ ಹಾಕಿಸಿದರು. ಅಷ್ಟಾದ ಮೇಲೆ ಮುಗೀತು. ಪರಿಚಯದ ಪತ್ರ ಬೇಡ, ಟಿಕೆಟ್ ಬೇಡ. ಏಳೂ ಕಡೆ ಒಳಗೆ ಹೋಗಿ ನೋಡೋಕೆ ನಾವು ಒಂದು ಪೈಸೆ ಕೊಡಲಿಲ್ಲ.

ಮಿನೆಸೋಟಾ ರಾಜ್ಯದ ಸೇಂಟ್ ಪಾಲ್‌ನಲ್ಲಿ 1905ರ ಕಟ್ಟಡ. ಕ್ಯಾಸ್ ಗಿಲ್ಬರ್ಟ್ ಅನ್ನುವವರು ಕಟ್ಟಿದ್ದು. ಆಮೇಲೆ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ ಕಟ್ಟಡದ ನಕ್ಷೆ ಮಾಡಿದವರೂ ಅವರೇ. ಮುಂಭಾಗದ ಮೇಲೆ ಚಿನ್ನದ ಬಣ್ಣದ ನಾಲ್ಕು ಕುದುರೆಗಳ ರಥ ಇದೆ. ಗೈಡ್ ಜೊತೆ ಹೋದರೆ ಆ ಕುದುರೆಗಳ ಕಾಲ ಹತ್ತಿರಕ್ಕೇ ಹೋಗಿ ನಿಲ್ಲಬಹುದು.

ಅಯೊವಾ ರಾಜ್ಯದ ಡಿ ಮೊಯಿನ್‌ದು 1886ರಲ್ಲಿ ಮುಗಿದದ್ದು. ಐದು ಗುಮ್ಮಟ, ನಡುವಿನದಕ್ಕೆ 23 ಕ್ಯಾರೆಟ್ ಚಿನ್ನದ ರೇಕು. ಆದರೆ ನನಗೆ ನೆನಪಿರೋದು ಚಿನ್ನವಲ್ಲ. ನಾವು ಹೋದಾಗ ಒಂದು ಶಾಲೆಯ ಮಕ್ಕಳು ಬಂದಿದ್ದರು, ನಾಲ್ಕನೇ ಕ್ಲಾಸೋ ಐದನೇ ಕ್ಲಾಸೋ ಇರಬೇಕು. ಗೈಡ್ ಆಗಿದ್ದವರು ವಯಸ್ಸಾದ ಒಬ್ಬ ಹೆಂಗಸು. ಅವರು ಮಕ್ಕಳಿಗೆಲ್ಲ, ಮಲಗಿಕೊಳ್ಳಿ ಅಂದರು. ಆ ಮಕ್ಕಳು ಗುಮ್ಮಟದ ಕೆಳಗೆ, ತಣ್ಣನೆ ಅಮೃತಶಿಲೆಯ ನೆಲದ ಮೇಲೆ, ಗಡಿಯಾರದ ಮುಳ್ಳಿನ ಹಾಗೆ ಸುತ್ತಲೂ ಕಾಲು ಚಾಚಿಕೊಂಡು ಅಂಗಾತ ಮಲಗಿಬಿಟ್ಟರು. ಒಬ್ಬನ ಬೂಟಿನ ದಾರ ಬಿಚ್ಚಿಕೊಂಡಿತ್ತು. ಒಂದು ಹುಡುಗಿ ಬಾಯಿ ತೆರೆದುಕೊಂಡೇ ಮೇಲೆ ನೋಡುತ್ತಿದ್ದಳು. ಆಫೀಸಿನ ಜನ ಫೈಲು ಹಿಡಿದುಕೊಂಡು ಆ ಮಕ್ಕಳ ತಲೆ ಬಳಸಿಕೊಂಡು ಓಡಾಡುತ್ತಿದ್ದರು, ಯಾರೂ ಗದರಲಿಲ್ಲ. ಗೈಡಮ್ಮ ಮೇಲೆ ಕೈ ತೋರಿಸಿ ಏನೋ ಕೇಳಿದರು, ಹತ್ತಾರು ಕೈ ಮಲಗಿದಲ್ಲೇ ಮೇಲಕ್ಕೆ ಹೋದವು. ನಾನು ಕಂಬಕ್ಕೆ ಒರಗಿಕೊಂಡು ನಿಂತುಬಿಟ್ಟೆ. ನಮ್ಮ ಶಾಲೆಯ ಮಕ್ಕಳ ಮುಖಗಳು ಒಂದೊಂದಾಗಿ ನೆನಪಿಗೆ ಬಂದವು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಅಕ್ಕನ ಸ್ವೆಟರ್ ಹಾಕಿಕೊಂಡು, ಪುಳಿಯೋಗರೆ ಡಬ್ಬಿ ಹಿಡಿದುಕೊಂಡು ಟೂರಿಗೆ ಬರುತ್ತಿದ್ದ ಮಕ್ಕಳು. ಅವರನ್ನು ನಾನು ರಸ್ತೆಯ ಈಚೆ ಬದಿಯಲ್ಲಿ ನಿಲ್ಲಿಸಿ ವಾಪಸ್ ಕರೆದುಕೊಂಡು ಬಂದೆನಲ್ಲ ಅಂತ ಹೊಟ್ಟೆಗೆ ಸಂಕಟ ಆಯ್ತು.

ಇನ್ನು ಲಿಂಕನ್. ನೆಬ್ರಾಸ್ಕಾ ರಾಜ್ಯದ ರಾಜಧಾನಿ. ಇದೊಂದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಇಲ್ಲಿ ಬೇರೆ ಕಡೆ ಇದ್ದ ಹಾಗೆ ಅಗಲವಾದ ಗುಮ್ಮಟದ ಕಟ್ಟಡ ಇಲ್ಲ. 400 ಅಡಿ ಎತ್ತರದ ಗೋಪುರ, ಅದರ ತುದಿಯಲ್ಲಿ ಚಿಕ್ಕ ಚಿನ್ನದ ಗುಮ್ಮಟ. ಹತ್ತಾರು ಮೈಲಿ ದೂರದಿಂದಲೇ ಹೊಲಗಳ ಮಧ್ಯೆ ಕಾಣಿಸುತ್ತದೆ, ನಮಗೆ ಚಾಮುಂಡಿ ಬೆಟ್ಟ ದೂರದಿಂದ ಕಂಡ ಹಾಗೆ. 1922ರಲ್ಲಿ ಶುರು ಮಾಡಿ 1932ರಲ್ಲಿ ಮುಗಿಸಿದರು. ಆ ಗುಮ್ಮಟದ ಮೇಲೆ 19 ಅಡಿಗೂ ಎತ್ತರದ ಒಂದು ಕಂಚಿನ ವಿಗ್ರಹ ಇದೆ. ರಾಜನದಲ್ಲ, ಸೈನಿಕನದಲ್ಲ, ಮಂತ್ರಿಯದಂತೂ ಅಲ್ಲ. ಬರಿಗಾಲಲ್ಲಿ ನಿಂತು, ಹೆಗಲಿಗೆ ಬೀಜದ ಚೀಲ ಹಾಕಿಕೊಂಡು, ಕೈ ಬೀಸಿ ಬಿತ್ತುತ್ತಿರುವ ರೈತ. ನಮ್ಮ ಯಜಮಾನರು ಕಾರಿಳಿದು ಹಣೆಗೆ ಕೈ ಅಡ್ಡ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ಚೆಲ್ತಾ ಅವ್ನೆ ನೋಡೇ, ಭತ್ತ ಚೆಲ್ಲೋ ಹಂಗೇ ಚೆಲ್ತಾ ಅವ್ನೆ" ಅಂದರು. ಅಷ್ಟು ಮೇಲೆ ರೈತನನ್ನು ನಿಲ್ಲಿಸಿದ್ದಾರಲ್ಲಾ ಅಂತ ರಾತ್ರಿ ಊಟ ಮಾಡುವಾಗಲೂ ಅದೇ ಮಾತು.

ಬಾಗಿಲ ಮೇಲೆ ಕಲ್ಲಿನಲ್ಲಿ ಒಂದು ಸಾಲು ಕೆತ್ತಿದ್ದಾರೆ. ಅಳಿಯ ಓದಿ ಹೇಳಿದ. ಕನ್ನಡದಲ್ಲಿ ಹೇಳೋದಾದರೆ, ಪ್ರಜೆ ಎಚ್ಚರವಾಗಿದ್ದರೇ ರಾಜ್ಯಕ್ಕೆ ಉಳಿವು ಅಂತ. ನನಗೆ ಆ ಕ್ಷಣಕ್ಕೆ ಕೆಂಗಲ್ ಹನುಮಂತಯ್ಯನವರು ನೆನಪಾದರು. ಅವರು ನಮ್ಮ ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಬರೆಸಿದರಲ್ಲ, ಅದು ಒಳಗೆ ಕೆಲಸ ಮಾಡುವವರಿಗೆ ಹೇಳಿದ ಮಾತು. ಇಲ್ಲಿಯದು ಹೊರಗಿಂದ ಒಳಗೆ ಬರುವವರಿಗೆ ಹೇಳಿದ ಮಾತು. ಎರಡೂ ಬೇಕು ಅನ್ನಿಸಿತು ನನಗೆ.

ಆ ಕಟ್ಟಡದ ಸುತ್ತ ಗೋಡೆಯ ಮೇಲೆ ರಾಜ್ಯದ 93 ಕೌಂಟಿಗಳ ಹೆಸರನ್ನೂ ಕೆತ್ತಿದ್ದಾರೆ. ಕೌಂಟಿ ಅಂದರೆ ಹೆಚ್ಚು ಕಡಿಮೆ ನಮ್ಮ ತಾಲ್ಲೂಕು, ಜಿಲ್ಲೆ ಇದ್ದ ಹಾಗೆ. ಒಬ್ಬ ತಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋಡೆ ಸುತ್ತುತ್ತಾ ತಮ್ಮ ಕೌಂಟಿ ಹೆಸರು ಹುಡುಕುತ್ತಿದ್ದ. ಸಿಕ್ಕಿದಾಗ ಆ ಮಗು ಚಪ್ಪಾಳೆ ತಟ್ಟಿತು. ನಾಗಮಂಗಲ, ಕೆ.ಆರ್.ಪೇಟೆ, ಮಳವಳ್ಳಿ, ಪಾಂಡವಪುರ ಅಂತ ಕಲ್ಲಿನಲ್ಲಿ ಬರೆದಿರುವ ಒಂದು ಗೋಡೆಯನ್ನು ನಾನು ಮನಸ್ಸಿನಲ್ಲೇ ಕಟ್ಟಿಕೊಂಡೆ.

ಇನ್ನೊಂದು ವಿಷಯ. ಅಮೆರಿಕದ ರಾಜ್ಯಗಳಲ್ಲಿ ಒಂದೇ ಸದನ ಇರೋದು ನೆಬ್ರಾಸ್ಕಾದಲ್ಲಿ ಮಾತ್ರ, 1937ರಿಂದ. ಒಟ್ಟು 49 ಜನ ಸದಸ್ಯರು. ನಾವು ಹೋದ ದಿನ ಸದನ ನಡೆಯುತ್ತಿತ್ತು. ಮೇಲಿನ ಗ್ಯಾಲರಿಗೆ ಹೋಗಿ ಕೂತೆವು. ಕೆಳಗೆ ಒಬ್ಬರು ಮಾತಾಡುತ್ತಿದ್ದರು, ಕೆಲವರು ಕೇಳುತ್ತಿದ್ದರು, ಕೆಲವರು ಪಕ್ಕದವರ ಜೊತೆ ಹರಟುತ್ತಿದ್ದರು. ದೊಡ್ಡ ಚರ್ಚೆ ಏನೂ ಅಲ್ಲ. ಆದರೆ ಇಷ್ಟು ವರ್ಷ ಕಾನೂನು ಹೇಗೆ ಆಗುತ್ತದೆ ಅಂತ ಪಾಠ ಮಾಡಿದವಳು, ಅದು ಆಗೋದನ್ನು ಕಣ್ಣಾರೆ ನೋಡಿದ್ದು ಅಲ್ಲೇ ಮೊದಲು. ಬೇರೆ ದೇಶದಲ್ಲಿ, ನನಗೆ ಅರ್ಧಂಬರ್ಧ ಅರ್ಥವಾಗುವ ಭಾಷೆಯಲ್ಲಿ.

ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿ ಗುಮ್ಮಟದ ತುದಿಗೆ 296 ಮೆಟ್ಟಿಲು. ನನ್ನ ಮಂಡಿ ಒಪ್ಪಲಿಲ್ಲ. ಮಗಳು, ಅಳಿಯ ಹತ್ತಿ ಬಂದರು.

ಮಿಸ್ಸೂರಿ ರಾಜ್ಯದ ಜೆಫರ್‌ಸನ್ ಸಿಟಿ ಅದೇ ಹೆಸರಿನ ನದಿಯ ದಂಡೆಯಲ್ಲಿದೆ. ಜನಸಂಖ್ಯೆ 50 ಸಾವಿರವೂ ಇಲ್ಲ, ನಮ್ಮ ಮಂಡ್ಯ ಅದಕ್ಕಿಂತ ಎಷ್ಟೋ ದೊಡ್ಡದು. 1911ರಲ್ಲಿ ಸಿಡಿಲು ಹೊಡೆದು ಹಳೇ ಕಟ್ಟಡ ಸುಟ್ಟುಹೋಯ್ತಂತೆ, ಈಗಿರೋದು ಆಮೇಲೆ ಕಟ್ಟಿದ್ದು. ಒಳಗೆ ಒಂದು ಕೋಣೆಯ ನಾಲ್ಕೂ ಗೋಡೆಗೆ ಥಾಮಸ್ ಹಾರ್ಟ್ ಬೆಂಟನ್ ಅನ್ನುವ ಕಲಾವಿದರು 1936ರಲ್ಲಿ ಬರೆದ ಚಿತ್ರ ಇದೆ. ರಾಜ್ಯದ ಚರಿತ್ರೆ ಬರೆಯಿರಿ ಅಂದರೆ ಅವರು ದೊಡ್ಡವರನ್ನು ಸಾಲಾಗಿ ನಿಲ್ಲಿಸಲಿಲ್ಲ. ಹೊಲ ಉಳುವವರು, ಗಣಿ ಕೆಲಸದವರು, ಹೊಡೆತ ತಿನ್ನುವ ಗುಲಾಮರು, ರೈಲು ದರೋಡೆ ಮಾಡುವವರು, ಒಂದು ಕಡೆ ರಾಜಕೀಯ ಭಾಷಣ ನಡೆಯುತ್ತಿದ್ದರೆ ಅಲ್ಲೇ ಮಗುವಿನ ಕುಂಡಿ ಒರೆಸುತ್ತಿರುವ ತಾಯಿ, ಎಲ್ಲರನ್ನೂ ಬರೆದುಬಿಟ್ಟರು. ಆಗಿನ ಶಾಸಕರಲ್ಲಿ ಬಹಳ ಜನಕ್ಕೆ ಸಿಟ್ಟು ಬಂತು. ಅಳಿಸಿ ಅಂತಲೂ ಕೂಗೆದ್ದಿತು. ಆದರೂ ಚಿತ್ರ ಉಳಿದಿದೆ. ತಮ್ಮ ರಾಜ್ಯದ ಕೆಟ್ಟದ್ದನ್ನೂ ಶಾಸಕರ ಮನೆಯ ಗೋಡೆಯ ಮೇಲೇ ಇಟ್ಟುಕೊಂಡಿದ್ದಾರೆ. ಆ ತಾಯಿಯ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ.

ಕೊನೆಗೆ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್. ಅಬ್ರಹಾಂ ಲಿಂಕನ್ನರ ಊರು. ಹೊಸ ಕ್ಯಾಪಿಟಲ್ 361 ಅಡಿ ಎತ್ತರ ಇದೆ, ಆದರೆ ಜನ ಜಾಸ್ತಿ ಇದ್ದದ್ದು ಹಳೇ ಕ್ಯಾಪಿಟಲ್‌ನಲ್ಲಿ. ಲಿಂಕನ್ ಅಲ್ಲೇ ಭಾಷಣ ಮಾಡಿದ್ದು, 1865ರಲ್ಲಿ ಅವರ ಶವವನ್ನು ಜನರ ದರ್ಶನಕ್ಕೆ ಇಟ್ಟಿದ್ದೂ ಅಲ್ಲೇ.

ಇಷ್ಟೆಲ್ಲಾ ಬರೆದಿದ್ದು ಅಮೆರಿಕ ಹೊಗಳೋಕೆ ಅಲ್ಲ. ಅವರಿಗೂ ಅವರ ಕಷ್ಟ ಇದೆ. ನಾವು ಸೇಂಟ್ ಪಾಲ್ ನೋಡಿ ಬಂದ ಮುಂದಿನ ತಿಂಗಳೇ, ಜೂನ್ 14ರಂದು, ಅದೇ ಮಿನೆಸೋಟಾ ಸದನದ ಮಾಜಿ ಸ್ಪೀಕರ್ ಮೆಲಿಸಾ ಹಾರ್ಟ್‌ಮನ್ ಅವರನ್ನೂ ಅವರ ಗಂಡನನ್ನೂ ಮನೆಗೇ ನುಗ್ಗಿ ಗುಂಡಿಟ್ಟು ಕೊಂದರು. ನಾವು ನಿಂತು ನೋಡಿದ್ದ ಗುಮ್ಮಟದ ಕೆಳಗೇ ಅವರ ಶವಪೆಟ್ಟಿಗೆ ಇಟ್ಟಿದ್ದನ್ನು ಟಿವಿಯಲ್ಲಿ ನೋಡಿ ಮೈ ನಡುಗಿತು. ನಮ್ಮ ಪಾರ್ಲಿಮೆಂಟಿನ ಮೇಲೂ 2001ರಲ್ಲಿ ದಾಳಿ ಆಗಿದೆ. ಹಾಗಾಗಿ ಭದ್ರತೆ ಬೇಡ, ಯಾರನ್ನು ಬೇಕಾದರೂ ಬಿಡಿ ಅಂತ ನಾನು ಹೇಳುತ್ತಿಲ್ಲ. ತಪಾಸಣೆ ಮಾಡಲಿ, ಚೀಲ ನೋಡಲಿ, ಬೇಕಾದರೆ ಎರಡು ಸಲ ನೋಡಲಿ. ಆದರೆ ಐದನೇ ಕ್ಲಾಸಿನ ಮಗುವಿಂದ ಯಾರಿಗೆ ಏನು ಭಯ, ಹೇಳಿ?

ಸಂತೋಷದ ವಿಷಯ ಅಂದರೆ, ನಮ್ಮಲ್ಲೂ 2025ರ ಜೂನ್‌ನಿಂದ ರಜಾದಿನಗಳಲ್ಲಿ ಟಿಕೆಟ್ ತೆಗೆದುಕೊಂಡು ಗೈಡ್ ಜೊತೆ ವಿಧಾನಸೌಧ ನೋಡುವ ವ್ಯವಸ್ಥೆ ಶುರುವಾಗಿದೆ. ಅಮೆರಿಕದಲ್ಲಿದ್ದಾಗಲೇ ಆ ಸುದ್ದಿ ಓದಿ ಖುಷಿಪಟ್ಟೆ. ಮಾಡಿದವರಿಗೆ ಮನಸ್ಸಾರೆ ಥ್ಯಾಂಕ್ಸ್. ಆದರೆ ಅದು ಬೆಂಗಳೂರಿನಲ್ಲಿರುವವರಿಗೆ, ಮೊಬೈಲಿನಲ್ಲಿ ಬುಕ್ ಮಾಡಬಲ್ಲವರಿಗೆ ಸುಲಭ. ಮಳವಳ್ಳಿ ಆಚೆಯ ಒಂದು ಹಳ್ಳಿ ಶಾಲೆಯ 40 ಮಕ್ಕಳು ಬಸ್ಸಿನಲ್ಲಿ ಬಂದು ಇಳಿದರೆ? ನನ್ನ ಕೋರಿಕೆ ಇಷ್ಟೇ. ಸರ್ಕಾರಿ ಶಾಲೆಯ ಮಕ್ಕಳಿಗೆ ಕೆಲಸದ ದಿನವೂ ಒಳಗೆ ಹೋಗೋಕೆ ದಾರಿ ಮಾಡಿಕೊಡಬೇಕು. ಮುಖ್ಯ ಶಿಕ್ಷಕರು ಒಂದು ಅರ್ಜಿ ಹಾಕಿದರೆ ಸಾಕಾಗಬೇಕು, ಶಾಸಕರ ಮನೆ ಬಾಗಿಲಿಗೆ ಅಲೆಯುವ ಹಾಗಾಗಬಾರದು. ಸದನ ನಡೆಯುವ ದಿನಗಳಲ್ಲಿ ಗ್ಯಾಲರಿಯ ಒಂದು ಸಾಲನ್ನು ಶಾಲೆಗಳಿಗೇ ಮೀಸಲಿಡಬೇಕು. ತಮ್ಮ ಕ್ಷೇತ್ರದ ಮಕ್ಕಳು ಮೇಲೆ ಕೂತು ನೋಡುತ್ತಿದ್ದಾರೆ ಅಂದರೆ ಶಾಸಕರಿಗೂ ಒಂದು ಖುಷಿ ಇರುತ್ತದೆ, ಅಲ್ವಾ?

ಮೈಸೂರು, ಮಂಡ್ಯದವರಾದ ನಮಗೆ ಈ ವಿಷಯದಲ್ಲಿ ಇನ್ನೊಂದು ಹಕ್ಕೂ ಇದೆ. ಪ್ರಜಾಪ್ರತಿನಿಧಿ ಸಭೆ ಶುರುವಾಗಿದ್ದೇ ಮೈಸೂರಿನಲ್ಲಿ, 1881ರಲ್ಲಿ. ದಿವಾನ್ ರಂಗಾಚಾರ್ಲು ಅವರು ದಸರಾ ಹೊತ್ತಿಗೆ 144 ಜನ ರೈತರು, ವ್ಯಾಪಾರಿಗಳನ್ನು ಕರೆಸಿ ಕೂರಿಸಿ, ಸರ್ಕಾರ ಏನು ಮಾಡಿದೆ ಅಂತ ಲೆಕ್ಕ ಒಪ್ಪಿಸಿದರು. ಆಗ ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ನಿಜ. ಆದರೂ ಊರಿನ ತಾಪತ್ರಯವನ್ನು ದಿವಾನರ ಮುಂದೆ ನಿಂತು ಹೇಳುವ ಜಾಗ ಅದು. ಜಗನ್ಮೋಹನ ಅರಮನೆಯ ಸಭಾಂಗಣದಲ್ಲಿ ಇಂಥ ಸಭೆಗಳು ನಡೆದಿವೆ. ಮಕ್ಕಳು ಅಲ್ಲಿಗೆ ಹೋಗುತ್ತಾರೆ, ರವಿವರ್ಮನ ಚಿತ್ರ ನೋಡಿಕೊಂಡು ಬರುತ್ತಾರೆ, ಈ ಕಥೆ ಅವರಿಗೆ ಯಾರೂ ಹೇಳೋದಿಲ್ಲ. ದೊಡ್ಡ ಗಡಿಯಾರದ ಪಕ್ಕದ ಪುರಭವನ ರಂಗಾಚಾರ್ಲು ಅವರ ಸ್ಮಾರಕ ಅನ್ನೋದು ಮೈಸೂರಿನವರಲ್ಲೇ ಎಷ್ಟು ಜನಕ್ಕೆ ಗೊತ್ತು?

ಅಲ್ಲಿಂದ ಬೆಂಗಳೂರು ದಾರಿ ಹಿಡಿದರೆ ಮದ್ದೂರಿನ ಶಿವಪುರ. 1938ರ ಏಪ್ರಿಲ್‌ನಲ್ಲಿ, ನಿಷೇಧ ಇದ್ದರೂ ಬಾವುಟ ಹಾರಿಸಿದ ಜಾಗ, ಧ್ವಜ ಸತ್ಯಾಗ್ರಹ ಸೌಧ ಇದೆ. ಹೊಸ ಹೈವೇ ಬಂದ ಮೇಲೆ ಎಲ್ಲರೂ ಬೈಪಾಸಿನಲ್ಲೇ ಹೋಗಿಬಿಡುತ್ತಾರೆ. ಮುಂದೆ ಚನ್ನಪಟ್ಟಣ ದಾಟಿದರೆ ಕೆಂಗಲ್, ಹನುಮಂತಯ್ಯನವರ ಹೆಸರಿನ ಮುಂದಿರುವ ಅದೇ ಕೆಂಗಲ್. ಆಮೇಲೆ ಬೆಂಗಳೂರಿನ ಅಠಾರ ಕಚೇರಿ, ವಿಧಾನಸೌಧ ಕಟ್ಟುವ ಮೊದಲು ಶಾಸಕರು ಕೂರುತ್ತಿದ್ದದ್ದು ಅಲ್ಲಿ, ಈಗ ಹೈಕೋರ್ಟ್. ಅದರ ಎದುರಿಗೇ 1951ರ ಜುಲೈ 13ರಂದು ನೆಹರೂ ಅಡಿಗಲ್ಲಿಟ್ಟು, 1956ರಲ್ಲಿ ಮುಗಿದ ವಿಧಾನಸೌಧ. ಆ ಕಲ್ಲು ಹೊತ್ತವರಲ್ಲಿ ಕೈದಿಗಳೂ ಇದ್ದರು. ಇದನ್ನೆಲ್ಲ ಆ ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದರೆ ಮಕ್ಕಳಿಗೆ ಒಂದು ಸಲ ಹೇಳಿದ್ದು ಸಾಕು, ಬೋರ್ಡಿನ ಮೇಲೆ ಬರೆಸಬೇಕಾಗಿಲ್ಲ. ನೂರೈವತ್ತು ಕಿಲೋಮೀಟರ್ ಒಳಗೆ ಇಷ್ಟು ಸಿಗುತ್ತದೆ. ಒಂದೇ ದಿನದ ಟೂರು. ನಾವು ಅಲ್ಲಿ 2,600 ಕಿಲೋಮೀಟರ್ ಓಡಾಡಬೇಕಾಯ್ತು.

ಶಿಕ್ಷಣ ಇಲಾಖೆಯವರು, ಪ್ರವಾಸೋದ್ಯಮ ಇಲಾಖೆಯವರು, ನಮ್ಮ ಎರಡೂ ಜಿಲ್ಲೆಯ ಶಾಸಕರು ಈ ಪತ್ರ ಓದಿದರೆ ದಯವಿಟ್ಟು ಈ ದಾರಿಯನ್ನು ಶಾಲಾ ಪ್ರವಾಸದ ಪಟ್ಟಿಗೆ ಸೇರಿಸಿ. ಪಟ್ಟಿಗೆ ಸೇರುವ ತನಕ ಕಾಯದೆ ಯಾವುದಾದರೂ ಸರ್ಕಾರಿ ಶಾಲೆ ಈ ಡಿಸೆಂಬರ್‌ನಲ್ಲೇ ಹೊರಡುವುದಾದರೆ ನಿಮ್ಮ ಪತ್ರಿಕೆಯ ಮೂಲಕ ನನಗೆ ಹೇಳಿ ಕಳಿಸಲಿ. ನಾನು ಜೊತೆಗೆ ಬರುತ್ತೇನೆ. ಜಗನ್ಮೋಹನ ಅರಮನೆಯಲ್ಲಿ ಅರ್ಧ ಗಂಟೆ, ಶಿವಪುರದಲ್ಲಿ ಹತ್ತು ನಿಮಿಷ ಬಸ್ ನಿಲ್ಲಿಸಿದರೆ ಸಾಕು, ಅಲ್ಲಿಯ ಕಥೆ ಹೇಳುವುದು ನನಗಿರಲಿ. ಮಕ್ಕಳಿಗೆ ದಾರಿಯಲ್ಲಿ ತಿನ್ನೋಕೆ ಬೆಲ್ಲ, ಕಡಲೆಕಾಯಿ ನಮ್ಮ ಮನೆಯಿಂದ ತರುತ್ತೇವೆ ಅಂತ ನಮ್ಮ ಯಜಮಾನರು ಹೇಳಿದ್ದಾರೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ,
ಮಂಡ್ಯ